ನೀಲಿಯ ಮೇಲಿನ ಗುಮಾನಿ

ತೀರಿಹೋದ ಮೇಷ್ಟ್ರ ದಿನದ ಕಾರ್ಯಕ್ಕೆ ಮನೆಯವರು ದೊಡ್ಡದೊಂದು ಫೋಟೋ ಮಾಡಿಸಿ, ಹಾರ ಹಾಕಿ, ಕುರ್ಚಿಯ ಮೇಲೆ ಇಟ್ಟಿದ್ದರು. ಅದನ್ನು ಅವರೇ ನೋಡಿದ್ದರೆ ಹತ್ತಿರ ಹೋಗಿ, ಕನ್ನಡಕ ಹಣೆಗೇರಿಸಿ, "ಇದು ನಾ ಅಲ್ಲ. ಸ್ಟುಡಿಯೋದವ ಯಾರದೋ ಗಲ್ಲ ತಂದು ನನಗ ಅಂಟಿಸ್ಯಾನ" ಎನ್ನುತ್ತಿದ್ದರು. ಸ್ಟುಡಿಯೋದವನನ್ನು ಅಲ್ಲಿಗೇ ಕರೆಸದೆ ಬಿಡುತ್ತಿರಲಿಲ್ಲ. ಊಟದ ಎಲೆಯ ಮುಂದೆ ಕೂತು ಇದನ್ನು ನೆನೆಸಿಕೊಂಡು ನಾನು ಒಬ್ಬನೇ ನಕ್ಕುಬಿಟ್ಟೆ. ಪಕ್ಕದಲ್ಲಿದ್ದವರು ನನ್ನನ್ನು ಒಂದು ಥರಾ ನೋಡಿದರು. ಸತ್ತವರ ಮನೆಯಲ್ಲಿ ನಗುವವನನ್ನು ಇನ್ನು ಹೇಗೆ ನೋಡಬೇಕು?

ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಆಗಿಬರುತ್ತಿರಲಿಲ್ಲ. ಒಂದು ಸಲ ಶಾಲೆಯ ವಾರ್ಷಿಕೋತ್ಸವದ ಆಮಂತ್ರಣದಲ್ಲಿ 'ವೇದಿಕೆ ಅಲಂಕಾರ' ಎಂದು ಬರೆದು ಪಕ್ಕದಲ್ಲಿ ಅವರ ಹೆಸರು ಹಾಕಿದ್ದರು. ಅದನ್ನು ಓದಿ ಹೆಡ್‌ಮಾಸ್ತರರ ಕೋಣೆಗೆ ಹೋಗಿ, "ನಾಳೆ ವೇದಿಕಿ ಬಿದ್ರ ಯಾರನ್ನ ಹಿಡೀಬೇಕು ಅಂತ ಮೊದ್ಲ ಬರದಿಟ್ಕೊಂಡೀರೇನು?" ಎಂದು ಜಗಳ ತೆಗೆದಿದ್ದರು.

ಹಗರಿಬೊಮ್ಮನಹಳ್ಳಿಯ ನಮ್ಮ ಹೈಸ್ಕೂಲಿನಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರು, ನಾನು ಪಿ.ಟಿ. ಮೇಷ್ಟ್ರು. ಚಿತ್ರಕಲೆಗೂ ನನಗೂ ಇದ್ದ ನಂಟೆಂದರೆ ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವುದು, ಅಷ್ಟೇ. ಆದರೂ ನಾವು ಹತ್ತಿರವಾದೆವು. ಪರೀಕ್ಷೆ ಬಂತೆಂದರೆ ಗಣಿತದವರು, ವಿಜ್ಞಾನದವರು ನಮ್ಮಿಬ್ಬರ ಪೀರಿಯಡ್ಡುಗಳನ್ನೇ ಮೊದಲು ಕಸಿದುಕೊಳ್ಳುತ್ತಿದ್ದರು. ಕೆಲಸ ಕಳೆದುಕೊಂಡ ಇಬ್ಬರೂ ಮೈದಾನದ ಅಂಚಿನಲ್ಲಿ ಕಲ್ಲಿನ ಮೇಲೆ ಕೂತು ಊರನ್ನು ಬೈಯುತ್ತಿದ್ದೆವು. ನಾನು ಬೈಯುತ್ತಿದ್ದೆ, ಅವರು ಅನುಮಾನ ಪಡುತ್ತಿದ್ದರು. ಎರಡೂ ಬೇರೆ ಬೇರೆ ಕಲೆ. ಚಹಾ ಬಂದರೆ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುವರು. ಸ್ಕೂಟರಿಗೆ ಕೀಲಿ ಹಾಕಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಹ್ಯಾಂಡಲ್ ತಿರುವಿ ನೋಡುವರು. ಆಮೇಲೆ ನನ್ನ ಕೈಲಿ ನೋಡಿಸುವರು. ನಾನು ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಮತ್ತೆ ತಾವೇ ನೋಡುವರು.

"ನಿಮಗ ದೇವ್ರ ಮ್ಯಾಲರ ನಂಬಿಕಿ ಐತೇನ್ರಿ ಸಾರ್?" ಎಂದು ಒಮ್ಮೆ ಕೇಳಿದ್ದೆ.

"ದೇವ್ರ ಮ್ಯಾಲ ಐತಪಾ. ಪೂಜಾರಿ ಮ್ಯಾಲ ಇಲ್ಲ" ಎಂದರು.

ಇಂಥ ಮನುಷ್ಯ ನಿವೃತ್ತಿಯಾದ ಮೇಲೆ ಒಂದು ದಿನ ನನ್ನ ಮನೆಗೆ ಬಂದು, ಬಾಗಿಲು ಹಾಕಲು ಹೇಳಿ, ದನಿ ತಗ್ಗಿಸಿ ತಮ್ಮ ಆಸೆಯೊಂದನ್ನು ತಿಳಿಸಿದರು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ನಮ್ಮ ಬೊಮ್ಮನಹಳ್ಳಿ, ಈ ಐದೂ ತಾಲ್ಲೂಕಿನ ಡ್ರಾಯಿಂಗ್ ಮೇಷ್ಟ್ರುಗಳನ್ನು ಒಂದು ಕಡೆ ಸೇರಿಸಿ ಬಯಲಿನಲ್ಲಿ ತೈಲವರ್ಣದ ಶಿಬಿರ ಮಾಡಬೇಕು. ಕೋಣೆಯೊಳಗೆ ಫೋಟೋ ನೋಡಿ ಬರೆಯುವುದಲ್ಲ. ನೀರಿನ ಎದುರು, ಗುಡ್ಡದ ಎದುರು ಹಲಗೆ ನಿಲ್ಲಿಸಿ, ಕಂಡದ್ದನ್ನು ಕಂಡಹಾಗೆ ಬರೆಯುವುದು. ಜಾಗವನ್ನೂ ನೋಡಿಟ್ಟಿದ್ದರು: ತಂಬ್ರಹಳ್ಳಿಯ ಹತ್ತಿರ ಹಿನ್ನೀರು ಬಂದು ನಿಲ್ಲುವ ದಂಡೆ.

"ಜೀವನಪೂರ್ತಿ ಬರೇ ಚಾರ್ಟ್ ಬರದೀವಿ. ಹೂವಿನ ಭಾಗಗಳು, ಜೀರ್ಣಾಂಗ, ಆಗಸ್ಟ್ ಹದಿನೈದಕ್ಕ ಬೋರ್ಡು. ಒಂದು ಸರ್ತಿಯರ ಚಿತ್ರ ಬರೀಬೇಕಲ್ಲಪಾ" ಎಂದರು. ಟೆಂಟು, ನೀರು, ಊಟ, ಜನರನ್ನು ಸಾಲಾಗಿ ನಿಲ್ಲಿಸುವುದು ಎಲ್ಲ ನನ್ನ ಪಾಲಿಗೆ ಬಂತು. ಪಿ.ಟಿ. ಮೇಷ್ಟ್ರನ್ನು ಹಿಡಿಯುವುದೇ ಅದಕ್ಕೆ.

ನಿಜ ಹೇಳಬೇಕೆಂದರೆ ನನಗೆ ಅವರ ಮೇಲೇ ಗುಮಾನಿ. ಅಷ್ಟು ವರ್ಷ ಜೊತೆಗಿದ್ದರೂ ಅವರು ಎಣ್ಣೆ ಬಣ್ಣದಲ್ಲಿ ಬರೆದದ್ದನ್ನು ನಾನು ಕಂಡಿರಲಿಲ್ಲ. ಅವರ ಮನೆಯ ಗೋಡೆಯ ಮೇಲೆ ಕ್ಯಾಲೆಂಡರು ಬಿಟ್ಟರೆ ಏನೂ ಇರಲಿಲ್ಲ. ಕೇಳಿದ್ದಕ್ಕೆ, "ಚಿತ್ರ ಗ್ವಾಡಿಗೆ ಹಾಕಿದ್ರ ಬಂದೋರೆಲ್ಲ ನೋಡ್ತಾರ" ಎಂದಿದ್ದರು. ನೋಡಲಿ ಅಂತಲೇ ಅಲ್ಲವೇನ್ರಿ ಬರೆಯುವುದು ಎಂದರೆ, "ನೋಡಿ ಒಳಗ ಏನ್ ಅನ್ಕೊಂತಾರ, ಯಾರಿಗ್ ಗೊತ್ತು?" ಚಿತ್ರಗಳೆಲ್ಲ ಟ್ರಂಕಿನಲ್ಲಿವೆಯಂತೆ. ಟ್ರಂಕಿಗೆ ಬೀಗವಂತೆ. ಈ ಮನುಷ್ಯನಿಗೆ ಎಣ್ಣೆ ಬಣ್ಣ ಗೊತ್ತೇ ಇಲ್ಲ, ಐದು ತಾಲ್ಲೂಕಿನ ಮುಂದೆ ನನ್ನನ್ನೂ ಕಟ್ಟಿಕೊಂಡು ಮುಗ್ಗರಿಸುತ್ತಾನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆದರೆ ತಯಾರಿ ನೋಡಿದರೆ ಹಾಗನ್ನಿಸುತ್ತಿರಲಿಲ್ಲ. ಅಂಗಡಿಯಲ್ಲಿ ಸಿಗುವ ಕ್ಯಾನ್ವಾಸಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಕೋರಾ ಬಟ್ಟೆ ತಂದು, ಕಂಬಳಿ ನೇಯುವವರು ನೂಲಿಗೆ ಹಚ್ಚುತ್ತಾರಲ್ಲ, ಆ ಹುಣಸೆ ಬೀಜದ ಗಂಜಿಯಂಥ ಸರಿ ಕಾಯಿಸಿ ಬಳಿದು, ಮೇಲೆ ಬಿಳಿ ಸುದ್ದೆಮಣ್ಣು ಕಲಸಿ ಹಚ್ಚಿ, ಹಲಗೆಗೆ ಬಿಗಿದು ತಾವೇ ಮಾಡುತ್ತೇನೆಂದರು. ಬಟ್ಟೆ ತರಲು ಇಬ್ಬರೂ ಪೇಟೆಗೆ ಹೋದೆವು. ಇಡೀ ಥಾನು ಕೋರಾ ಬಟ್ಟೆ ಬೇಕು ಎಂದ ಕೂಡಲೇ ಅಂಗಡಿಯ ಸಾಹುಕಾರ ಎದ್ದು ನಿಂತು, ಮುಖ ಇಳಿಬಿಟ್ಟು, "ಯಾವಾಗ ಆತ್ರಿ ಸಾರ್?" ಎಂದ. ನಮ್ಮ ಕಡೆ ಸಾವಿನ ಮನೆಗೆ ತಾನೆ ಕೋರಾ ಬಟ್ಟೆ ಒಯ್ಯುವುದು! ನನಗೆ ತಕ್ಷಣ ಹೊಳೆಯಿತು. ಇವರಿಗೆ ಹೊಳೆಯಲಿಲ್ಲ. ತಮ್ಮ ಗುಟ್ಟು ಹೊರಬಿತ್ತೆಂದು ತಿಳಿದು, "ಇನ್ನೂ ಆಗಿಲ್ಲ. ಆಗೂ ತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ" ಎಂದು ಗಂಭೀರವಾಗಿ ಹೇಳಿದರು. ಸಾಹುಕಾರ ದಂಗಾಗಿ ನಿಂತ. ನಾನು ವಿವರಿಸುವಷ್ಟರಲ್ಲಿ ಇವರು ಥಾನು ಹೊತ್ತು ಬೀದಿಗಿಳಿದಿದ್ದರು. ಸಂಜೆಗೆ ಅವರ ಮನೆಯ ಮುಂದೆ ನೆಂಟರಿಬ್ಬರು ಹೂವಿನ ಹಾರ ಹಿಡಿದು ಬಂದು ನಿಂತರು. ಬಾಗಿಲು ತೆರೆದ ಅವರ ಹೆಂಡತಿ, ನಾನು ಅಕ್ಕ ಎನ್ನುವ ಆ ತಾಯಿ, ನಗಬೇಕೋ ಅಳಬೇಕೋ ತಿಳಿಯದೆ ಹಾರ ಇಸಿದುಕೊಂಡು ದೇವರಿಗೆ ಹಾಕಿದರು.

ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯದೂ ಅದೇ ಕತೆ. ಬಾಟಲಿಯಲ್ಲಿ ಬರುವ ಎಣ್ಣೆ ಕಲಬೆರಕೆ ಎಂದು ಗಾಣದಿಂದ ಹಿಂಡಿಸಿ ತಂದು, ಗಾಜಿನ ಸೀಸೆಗಳಲ್ಲಿ ತುಂಬಿ, ತಿಳಿಯಾಗಲೆಂದು ಮಾಳಿಗೆಯ ಮೇಲೆ ಬಿಸಿಲಿಗೆ ಸಾಲಾಗಿ ಇಟ್ಟರು. ಎದುರು ಮನೆಯವರು ಆ ಸೀಸೆಗಳನ್ನು ನೋಡಿ ಏನೇನೋ ಮಾತಾಡಿಕೊಂಡರು. ಇವರು ಎದುರು ಮನೆಯವರು ಸೀಸೆ ಬದಲಿಸಿಯಾರೆಂದು ದಿನಾ ಮಾಳಿಗೆ ಹತ್ತಿ ಕಾಯುತ್ತಿದ್ದರು.

ಈ ಎಲ್ಲ ಕೆಲಸಕ್ಕೆ ಅವರಿಗೆ ಆಸರೆಯಾಗಿದ್ದವಳು ನಸೀಮಾ. ನಮ್ಮದೇ ಶಾಲೆಯಲ್ಲಿ ಓದಿದವಳು, ಅವರ ಶಿಷ್ಯೆ. ಈಗ ಚಿಗಟೇರಿ ಕಡೆಯ ಶಾಲೆಯಲ್ಲಿ ಅವಳೂ ಡ್ರಾಯಿಂಗ್ ಟೀಚರು. ಅವಳ ತಂದೆ ಊರಿನಲ್ಲಿ ಟ್ರ್ಯಾಕ್ಟರಿಗೆ, ಟ್ರಾಲಿಗೆ ಬಣ್ಣ ಹೊಡೆಯುವ ಶೆಡ್ಡು ಇಟ್ಟಿದ್ದ. ಪ್ರತಿ ಭಾನುವಾರ ಬಂದು ಬಟ್ಟೆ ಬಿಗಿಯುವುದು, ಸರಿ ಬಳಿಯುವುದು ಅವಳೇ. ಬೇರೆ ತಾಲ್ಲೂಕಿನ ಹೆಣ್ಣುಮಕ್ಕಳು ಶಿಬಿರಕ್ಕೆ ಬರುತ್ತೇವೆಂದು ಒಪ್ಪಿದ್ದೂ ಅವಳ ಮಾತಿನ ಮೇಲೆ. ಮೇಷ್ಟ್ರು ತಮ್ಮ ಟ್ರಂಕಿನ ಬೀಗದ ಕೈಯನ್ನು ಒಬ್ಬರಿಗಾದರೂ ಕೊಡುವಂತಿದ್ದರೆ ಅವಳಿಗೇ ಕೊಡುತ್ತಿದ್ದರೇನೋ ಎಂದು ನನಗೆ ಅನ್ನಿಸುತ್ತಿತ್ತು.

ಒಂದು ಭಾನುವಾರ ಮಾದರಿಗೆಂದು ಒಂದು ಚಿತ್ರ ಬರೆಯಲು ಅವಳಿಗೆ ಹೇಳಿದರು. ದಾವಣಗೆರೆಗೆ ತಾವೇ ಹೋಗಿ, ಅಂಗಡಿಯವನ ಮುಂದೆಯೇ ಮುಚ್ಚಳ ಬಿಚ್ಚಿಸಿ ನೋಡಿ ತಂದಿದ್ದ ಬಣ್ಣದ ಟ್ಯೂಬುಗಳ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟರು. ಅವಳು ಪಡಸಾಲೆಯಲ್ಲಿ ಕೂತು ನೀರು, ಮೇಲೆ ಆಕಾಶ ಬರೆದಳು. ನನ್ನಂಥವನಿಗೂ ತಂಪೆನ್ನಿಸುವ ಹಾಗಿತ್ತು. ಮೇಷ್ಟ್ರು ಬಂದು ಬಗ್ಗಿ ನೋಡಿದರು.

"ಇದೇನಿದು? ಆಕಾಶಕ್ಕ ಬೂದಿ ಬಳದೀಯಲ್ಲ!"

"ನೀಲಿನ ಹಚ್ಚೀನ್ರಿ ಸಾರ್."

ಅವರು ತಾವೇ ಕುಂಚ ತೆಗೆದುಕೊಂಡು, ಟ್ಯೂಬು ಹಿಂಡಿ ಆಕಾಶದ ಮೇಲೆ ಬಳಿದರು. ಸಾಲದೆಂದು ಮತ್ತೆ ಹಿಂಡಿದರು. ಬಟ್ಟೆ ತೊಳೆಯುವಾಗ ನೀಲಿಯ ಡಬ್ಬಿ ಬೋರಲು ಬಿದ್ದಂತೆ ಆಯಿತು ಆ ಆಕಾಶ. ನಸೀಮಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮೇಷ್ಟ್ರು ಟ್ಯೂಬನ್ನು ಹಿಂದೆ ಮುಂದೆ ತಿರುಗಿಸಿದರು, ಮೂಸಿದರು.

"ನಾ ತಂದ ಟ್ಯೂಬು ಇದಲ್ಲ. ಇದರಾಗ ನೀಲಿನ ಇಲ್ಲ. ಬದಲಿ ಆಗೈತಿ."

"ಯಾರ್ ಬದಲಿ ಮಾಡ್ತಾರ್ರಿ ಸಾರ್? ಮುಂಜಾನಿಂದ ಪೆಟ್ಟಿಗಿ ನನ್ನ ಕೈಯಾಗ ಐತಿ."

"ಅದಕ್ಕ ಕೇಳಾಕತ್ತೀನಿ" ಎಂದರು ಮೇಷ್ಟ್ರು.

ಅವಳು ಕುಂಚವನ್ನು ಟರ್ಪಂಟೈನಿನಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಅದರ ಜಾಗದಲ್ಲಿ ಇಟ್ಟಳು. ಆಮೇಲೆ ಎದ್ದು ನಿಂತು, "ನಮ್ಮಪ್ಪ ಟ್ರ್ಯಾಕ್ಟರಿಗೆ ಬಣ್ಣ ಹೊಡೀತಾನ್ರಿ. ಡಬ್ಬಿಗಟ್ಲೆ ನೀಲಿ ನೋಡ್ಕೊಂತ ಬೆಳದೀನಿ ನಾನು. ಇಷ್ಟುದ್ದ ಟ್ಯೂಬ್ ಕದಿಯೋ ಗತಿ ನನಗ ಬಂದಿಲ್ಲ" ಎಂದು ಹೇಳಿ ಚಪ್ಪಲಿ ಮೆಟ್ಟಿ ನಡೆದಳು. ಅಕ್ಕ ಅಡುಗೆಮನೆಯಿಂದ ಓಡಿಬಂದು ಕರೆದರೂ ತಿರುಗಲಿಲ್ಲ.

ನನಗೆ ಸಿಟ್ಟು ಬಂತು. "ಏನ್ ಮಾತ್ರೀ ಇದು? ಆ ಹುಡುಗಿ ಅಂಥಾಕಿ ಅಲ್ಲ" ಎಂದೆ. "ನೀ ಅಕಿ ಕೈ ನೋಡ್ಕೊಂತ ಕುಂತಿದ್ದೇನು? ಇಲ್ಲಲ್ಲ. ಮತ್ತ ಹೆಂಗ ಹೇಳ್ತೀ?" ಎಂದು ನನ್ನ ಬಾಯಿ ಮುಚ್ಚಿಸಿದರು. ಅನುಮಾನದವರ ಜೊತೆ ವಾದ ಮಾಡಿ ಗೆಲ್ಲಲು ಬರುವುದಿಲ್ಲ, ಅವರಿಗೆ ಸಾಕ್ಷಿಯೇ ಬೇಕು, ಇಲ್ಲದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಮಾತು ಮನೆಯಲ್ಲೇ ಉಳಿಯಲಿಲ್ಲ. ಇವರೇ ಯಾರ ಮುಂದೋ ಅಂದಿರಬೇಕು. ಕೊಟ್ಟೂರಿನ ಒಬ್ಬ ಮೇಷ್ಟ್ರು ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿ, "ಚಿಗಟೇರಿ ಟೀಚರು ಬಣ್ಣ ಹೊಡ್ಕೊಂಡು ಹೋದ್ಲಂತಲ್ರಿ?" ಎಂದು ಕೇಳಿದ. ದಿನಾ ಮಕ್ಕಳ ಮುಂದೆ ನಿಂತು ಪಾಠ ಹೇಳುವವಳ ಮೇಲೆ ಇಂಥ ಮಾತು ಕೂತರೆ ಅದು ಸುಲಭಕ್ಕೆ ಏಳುವುದಿಲ್ಲ. ಶಿಬಿರಕ್ಕೆ ಒಪ್ಪಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಏನೋ ನೆಪ ಹೇಳಿ ಹಿಂದೆ ಸರಿದರು. ನಾನು ಫೋನು ಮಾಡಿದರೆ ನಸೀಮಾ ಎತ್ತುತ್ತಿರಲಿಲ್ಲ. ಶಿಬಿರ ಕೆಟ್ಟರೆ ಕೆಡಲಿ, ಆ ಹುಡುಗಿಯ ಹೆಸರು ಕೆಡಬಾರದು.

ಇಷ್ಟಾದರೂ ಮೇಷ್ಟ್ರು ತಯಾರಿ ನಿಲ್ಲಿಸಲಿಲ್ಲ. ಜಾಗ ಗುರುತು ಹಾಕಲು ಒಂದು ಬೆಳಗ್ಗೆ ನನ್ನನ್ನು ತಂಬ್ರಹಳ್ಳಿಯ ದಂಡೆಗೆ ಎಳೆದುಕೊಂಡು ಹೋದರು. ಶಾಲೆಯ ಕ್ರೀಡಾಕೂಟದ ಬಾವುಟಗಳು ನನ್ನ ಹತ್ತಿರ ಇದ್ದವು. ಗಂಡಸರು ನಿಲ್ಲುವ ಕಡೆ ಹಸಿರು, ಹೆಣ್ಣುಮಕ್ಕಳು ಬಂದರೆ ನಿಲ್ಲುವ ಕಡೆ ನೀಲಿ ಎಂದು ನಾನು ನೆಡುತ್ತಾ ಹೋದೆ. ಅವರು ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ನಡುವೆ ಚೌಕ ಕತ್ತರಿಸಿದ ರಟ್ಟನ್ನು ಕಣ್ಣಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಅತ್ತಿತ್ತ ನೋಡತೊಡಗಿದರು. ಚಿತ್ರದಲ್ಲಿ ಎಷ್ಟು ಹಿಡಿಸುತ್ತದೆ ಎಂದು ಹಾಗೆ ನೋಡುತ್ತಾರಂತೆ. ದಂಡೆಯ ಮೇಲೆ ಗಾಳಿ ಹುಚ್ಚು ಹಿಡಿದಂತೆ ಬೀಸುತ್ತಿತ್ತು. ಅಲ್ಲೇ ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯ, ಅವನ ಹಿಂದೆ ಹೊಲದ ಕಡೆಯಿಂದ ಇನ್ನೊಬ್ಬ, ಇಬ್ಬರೂ ನಮ್ಮ ಹತ್ತಿರ ಬಂದರು.

"ಯಾರ್ರಿ ನೀವು? ಏನ್ ಅಳ್ಯಾಕತ್ತೀರಿ?" ಎಂದ ಹಿರಿಯ.

ಮೇಷ್ಟ್ರು ರಟ್ಟು ಇಳಿಸಲಿಲ್ಲ. "ನೀವ್ಯಾರು? ನಿಮಗ್ಯಾಕ ಬೇಕು?" ಎಂದರು. ತೀರಿತು. ಹೊಲ ಹಿಡಿದು ಗಾಳಿಯಂತ್ರದ ಫ್ಯಾನು ನಿಲ್ಲಿಸುವ ಕಂಪನಿಯವರೂ ಮೊದಲು ಹೀಗೇ ಮೂರು ಕಾಲಿನ ಸ್ಟ್ಯಾಂಡು ತಂದಿದ್ದರಂತೆ, ಹೀಗೇ ಬಾವುಟ ನೆಟ್ಟಿದ್ದರಂತೆ, ಕೇಳಿದರೆ ಹೀಗೇ ಎದುರು ಪ್ರಶ್ನೆ ಹಾಕಿದ್ದರಂತೆ. ಚಿತ್ರ ಬರೆಯಲು ಬಂದಿದ್ದೇವೆಂದು ನಾನು ಕೈಮುಗಿದು ಹೇಳಿದೆ.

"ಚಿತ್ರ ಬರಿಯಾಕ ಭೂಮಿಗೆ ಬಾವುಟ ಯಾಕ್ರಿ?" ಹೊಲದವನ ಪ್ರಶ್ನೆ ನ್ಯಾಯವಾಗಿಯೇ ಇತ್ತು. "ಹಸಿರು ಯಾರಿಗೆ, ನೀಲಿ ಯಾರಿಗೆ? ಅದನ್ನರ ಹೇಳ್ರಿ."

ಮೇಷ್ಟ್ರು ಈಗ ರಟ್ಟು ಇಳಿಸಿದರು. ಬಾವುಟಗಳ ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿ, ನನ್ನ ಕಡೆ ತಿರುಗಿ, "ನೀಲಿ ಎಲ್ಲಿ ಅದಾವಪಾ? ಎಲ್ಲಾ ಹಸಿರ ನೆಟ್ಟೀಯಲ್ಲ!" ಎಂದರು.

ಕುರಿಯವನು ಹೊಲದವನನ್ನು ನೋಡಿದ. "ಬಣ್ಣ ಗುರ್ತು ಸಿಗಲಾರದವ ಚಿತ್ರ ಬರಿಯಾಕ ಬಂದಾನಂತ! ಕಂಪನಿಯವ್ರ ಇವ್ರು, ಖರೇನ ಕಂಪನಿಯವ್ರು!" ಎಂದ. ಅಲ್ಲಿಂದ ಪಾರಾಗಿ ಬರಲು ನಾನು ಪಟ್ಟ ಪಾಡು ಬೇಡ. ಊರಿನಲ್ಲಿದ್ದ ನನ್ನ ಹಳೆಯ ಕಬಡ್ಡಿ ಹುಡುಗನೊಬ್ಬನನ್ನು ಕರೆಸಿ, ಇವರು ಮೇಷ್ಟ್ರು ಎಂದು ಅವನ ಬಾಯಲ್ಲಿ ಹೇಳಿಸಬೇಕಾಯಿತು. ಆದರೆ ನನ್ನ ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದದ್ದು ಆ ಕುರಿಯವನ ಮಾತು. ನಮ್ಮ ಅವ್ವನೂ ಕಡೆಗಾಲದಲ್ಲಿ ನೀಲಿ ಸೀರೆಯನ್ನು ಮಾಸಿದ ಹಸಿರೆಂದು ಹಟ ಹಿಡಿಯುತ್ತಿದ್ದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು.

ಬೈಕಿನ ಮೇಲೆ ಬರುವಾಗ ಹೇಳಿದೆ. "ಪೊರಿ ನಿನ್ನ ತಲ್ಯಾಗ ಬಂದೈತಿ" ಎಂದರು. ಅಕ್ಕನಿಗೆ ಹೇಳಿದೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯೋ ತಮ್ಮಾ, ಸಾರಿಗೆ ಅರಿಶಿಣ ಜಾಸ್ತಿ ಹಾಕೀ ಅಂತ ದಿನಾ ಜಗಳ ತೆಗೀತಾರ. ನಾ ಹಾಕೇ ಇರಂಗಿಲ್ಲ" ಎಂದರು. ಆದರೆ ಮೇಷ್ಟ್ರು ಜಪ್ಪಯ್ಯ ಅನ್ನಲಿಲ್ಲ. ಆಸ್ಪತ್ರೆಯವರು ಚಲೋ ಕಣ್ಣು ಕಿತ್ತು ಪ್ಲಾಸ್ಟಿಕ್ ಹಾಕುತ್ತಾರೆ ಎಂಬುದು ಅವರ ವಾದ. ಕೊನೆಗೆ ಅಕ್ಕ ಬಣ್ಣದ ಪೆಟ್ಟಿಗೆ, ಎಣ್ಣೆ ಸೀಸೆ ಎಲ್ಲ ಅಂಗಳಕ್ಕೆ ತಂದಿಟ್ಟು, "ನೀವು ಕಣ್ಣು ತೋರ್ಸೂ ತನಕ ಇವು ಮನಿಯೊಳಗ ಬರಂಗಿಲ್ಲ" ಎಂದ ಮೇಲೆ ದಾವಣಗೆರೆಯ ಬಸ್ಸು ಹತ್ತಿದರು.

ಎರಡೂ ಕಣ್ಣಿನಲ್ಲಿ ಪೊರೆ ಗಟ್ಟಿಯಾಗಿತ್ತು. ಮೊದಲು ಬಲಗಣ್ಣಿಗೆ ಆಪರೇಷನ್ ಮಾಡಿದರು, ಎಡಗಣ್ಣಿಗೆ ಕೆಲವು ತಿಂಗಳು ಬಿಟ್ಟು ಬನ್ನಿ ಎಂದರು. ಮೇಷ್ಟ್ರು ಹೋಗೋಣ ಹೋಗೋಣ ಎನ್ನುತ್ತ ಅದನ್ನು ಮುಂದಕ್ಕೆ ಹಾಕುತ್ತಲೇ ಬಂದರು. ಅಷ್ಟರಲ್ಲಿ ಹೃದಯ ಕೈಕೊಟ್ಟಿತು. ಅದು ಆಮೇಲಿನ ಮಾತು.

ಪಟ್ಟಿ ಬಿಚ್ಚಿ ಮನೆಗೆ ಬಂದ ಮೇಲೆ ನೋಡಲು ಹೋದರೆ ಅವರು ಪಡಸಾಲೆಯಲ್ಲಿ ಕೂತು ಒಂದು ಕಣ್ಣು ಮುಚ್ಚಿ ತೆರೆದು, ಇನ್ನೊಂದು ಮುಚ್ಚಿ ತೆರೆದು ಮಾಡುತ್ತಿದ್ದರು. ಮುಖದ ಮೇಲೆ ಹೊಸ ಸಂಶಯ.

"ಲೆನ್ಸು ಖೊಟ್ಟಿ ಹಾಕ್ಯಾರ ಅನ್ಸತೈತಿ. ಈ ಕಣ್ಣಿಗೆ ಎಲ್ಲಾ ನೀಲಿ ಹೊಡೀತೈತಿ. ಈ ಕಣ್ಣಿಗೆ ಮೊದ್ಲಿನಂಗ ಐತಿ. ಎರಡರಾಗ ಒಂದು ಸುಳ್ಳು ಹೇಳಾಕತ್ತೈತಿ. ಯಾವುದನ್ನ ನಂಬ್ಲಿ?"

ಇಂಥ ಪ್ರಶ್ನೆಗೆ ಪಿ.ಟಿ. ಮೇಷ್ಟ್ರು ಏನು ಹೇಳಬೇಕು? ಅವರೇ ದಾರಿ ಕಂಡುಕೊಂಡರು. ಆ ಜಗಳದ ನೀಲಿ ಟ್ಯೂಬಿನಿಂದ ಒಂದು ಹಾಳೆಯ ಮೇಲೆ ಬಣ್ಣ ಹಚ್ಚಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಸೇರಿ ಮಾತಾಡಿಕೊಳ್ಳಬಾರದಲ್ಲ! ನನ್ನನ್ನು ಕೇಳಿದರು, ಅಕ್ಕನನ್ನು ಕೇಳಿದರು, ಹಾಲು ಹಾಕಲು ಬಂದವಳನ್ನು ಕೇಳಿದರು, ಎದುರು ಮನೆಯ ಯಜಮಾನನನ್ನೂ ಕೂಗಿ ಕರೆದು ಕೇಳಿದರು. ಎಲ್ಲರೂ ಒಂದೇ ಮಾತು ಹೇಳಿದರು: ನೀಲಿ, ಅಚ್ಚ ನೀಲಿ. ಎದುರು ಮನೆಯವನು ಮಾತ್ರ ಹೊರಗೆ ಬಂದು, "ಸಾರ್ ಆರಾಮ್ ಅದಾರಲ್ಲ?" ಎಂದು ನನ್ನ ಕಿವಿಯಲ್ಲಿ ಕೇಳಿದ.

ಎಲ್ಲರೂ ಹೋದ ಮೇಲೆ ಮೇಷ್ಟ್ರು ಎದ್ದು, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟಿದ್ದ ನಸೀಮಾಳ ಹಲಗೆಯನ್ನು ತಿರುಗಿಸಿದರು. ಕೆಳಗೆ ಅವಳ ತಂಪು ನೀರು. ಮೇಲೆ ಇವರು ಬಳಿದ ಆಕಾಶ. ಹೊಸ ಕಣ್ಣೊಂದರಲ್ಲೇ ನೋಡಿದರು.

"ಇದನ್ನ ನಾ ಬಳದ್ನೇನು?"

"ಹೌದ್ರಿ ಸಾರ್."

ಹಲಗೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು. ಅವರು ಅಳುವುದನ್ನು ನಾನು ಎಂದೂ ನೋಡಿರಲಿಲ್ಲ, ಅವತ್ತೂ ನೋಡಲಿಲ್ಲ. "ಗಾಡಿ ತಗಿ" ಎಂದರು.

ಚಿಗಟೇರಿ ಕಡೆಯ ಆ ಶಾಲೆಗೆ ನಾವು ಹೋದಾಗ ಮಕ್ಕಳು ಊಟಕ್ಕೆ ಕೂತಿದ್ದರು. ನಸೀಮಾ ಕೈ ಒರೆಸಿಕೊಳ್ಳುತ್ತ ಗೇಟಿಗೆ ಬಂದಳು. ಒಳಗೆ ಬನ್ನಿ ಎನ್ನಲಿಲ್ಲ. ಮೇಷ್ಟ್ರಿಗೆ ತಪ್ಪಾಯಿತು ಎಂಬ ಒಂದು ಶಬ್ದ ಬಾಯಿಗೆ ಬರಲಿಲ್ಲ. ಬದಲಿಗೆ ಕಣ್ಣಿನ ಪುರಾಣ ಪೂರ್ತಿ ಹೇಳಿದರು. ಪೊರೆ ಹೇಗೆ ಬರುತ್ತದೆ, ಅದರಲ್ಲಿ ನೀಲಿ ಹೇಗೆ ಮಸುಕಾಗುತ್ತದೆ, ಡಾಕ್ಟರು ಏನಂದರು, ಹಾಲಿನವಳು ಏನಂದಳು. ಅವಳು ತಡೆಯದೆ ಕೇಳಿದಳು.

"ಅಂದ್ರ, ನಾ ಕದ್ದಿಲ್ಲ ಅಂತ ನಿಮ್ಮ ಕಣ್ಣು ಹೇಳ್ತು. ಹೌದಿಲ್ರಿ?"

"ಹೌದವಾ."

"ಕಣ್ಣು ಸರಿ ಆಗದಿದ್ರ? ನಾ ಕಳ್ಳೀನ ಆಗಿ ಉಳೀತಿದ್ನೇನ್ರಿ ಸಾರ್?"

ಮೇಷ್ಟ್ರು ಗೇಟಿನ ಸರಳು ಹಿಡಿದು ನಿಂತರು. ನಸೀಮಾ ಅವರ ಉತ್ತರಕ್ಕೆ ಕಾಯಲಿಲ್ಲ. "ಶಿಬಿರಕ್ಕ ಬರ್ತೀನ್ರಿ. ನಮ್ಮ ಹೆಣ್ಣುಮಕ್ಕಳಿಗೂ ಹೇಳ್ತೀನಿ, ಅವ್ರಿಗೆ ಅದು ಬೇಕಾಗೈತಿ. ನನ್ನ ಬಣ್ಣ ನಾ ತರ್ತೀನಿ" ಎಂದು ಹೇಳಿ ಮಕ್ಕಳಿಗೆ ಬಡಿಸಲು ಹೋದಳು.

ಶಿಬಿರ ನಡೆಯಿತು. ಐದೂ ತಾಲ್ಲೂಕಿನವರು ಬಂದರು. ತಂಬ್ರಹಳ್ಳಿಯ ಗಾಳಿ ಮೊದಲ ಹೊತ್ತಿಗೇ ಎರಡು ಸ್ಟ್ಯಾಂಡು ಕೆಡವಿತು. ಆಮೇಲೆ ಪ್ರತಿ ಸ್ಟ್ಯಾಂಡಿಗೂ ಹಗ್ಗದಲ್ಲಿ ಕಲ್ಲು ಕಟ್ಟಿ ಇಳಿಬಿಟ್ಟೆವು. ಹಸಿ ಬಣ್ಣದ ಮೇಲೆ ಧೂಳು ಬಂದು ಕೂತಿತು. ಆ ಕುರಿಯವನು ದೂರದಲ್ಲಿ ಕೋಲೂರಿ ನಿಂತು, ನಾವು ಹೋಗುವ ತನಕ ನಮ್ಮನ್ನು ಕಾದ. ಮೇಷ್ಟ್ರ ಕೋರಾ ಬಟ್ಟೆ ಬಿಗಿಯಾಗಿ ನಿಂತಿತ್ತು, ಎಣ್ಣೆ ಬಂಗಾರದ ಹಾಗೆ ತಿಳಿಯಾಗಿತ್ತು. ಅವರಿಗೆ ಎಣ್ಣೆ ಬಣ್ಣ ಬರುತ್ತದೋ ಇಲ್ಲವೋ ಎಂಬ ನನ್ನ ಗುಮಾನಿಯೂ ಅಲ್ಲಿ ಕಳೆಯಿತು. ಮೊದಲು ತಾವೇ ಒಂದು ಸಣ್ಣ ಹಲಗೆಯ ಮೇಲೆ ಆಚೆ ದಡದ ಗುಡ್ಡ ಬರೆದು ತೋರಿಸಿದರು. ಹೊಸ ಕಣ್ಣೊಂದನ್ನೇ ಬಿಟ್ಟುಕೊಂಡು, ಎಡಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಬರೆದರು. ನೋಡುತ್ತ ನಿಂತ ಮೇಷ್ಟ್ರುಗಳು ತಮ್ಮ ಹಲಗೆ ಮರೆತು ಹತ್ತಿರ ಹತ್ತಿರ ಸರಿದರು.

ಬರೆದು ಮುಗಿಸಿ, ಕರವಸ್ತ್ರ ಬಿಚ್ಚಿ, ಎಲ್ಲರ ಕಡೆ ತಿರುಗಿದರು. ಬಣ್ಣ ಬೆರೆಸುವುದನ್ನು ಹೇಳುತ್ತಾರೆಂದು ಎಲ್ಲರೂ ಕಾದರು.

"ನಾ ಈ ಹುಡುಗಿ ಮ್ಯಾಲ ಒಂದು ಮಾತು ಹೊರಿಸಿದ್ದೆ. ನೀವೆಲ್ಲ ಕೇಳೀರಿ. ಅದು ಸುಳ್ಳು. ನನ್ನ ಕಣ್ಣಾಗ ಪೊರಿ ಬಂದಿತ್ತು." ಅಷ್ಟು ಹೇಳಿ ಕರವಸ್ತ್ರ ಮಡಿಚಿ ಜೇಬಿಗಿಟ್ಟರು. ಗಾಳಿಗೆ ಟೆಂಟಿನ ಬಟ್ಟೆ ಪಟಪಟ ಬಡಿಯುತ್ತಿತ್ತು. "ಪೊರಿ ಬರದಿದ್ರೂ, ಟ್ಯೂಬು ಖರೇನ ಬದಲಿ ಆಗಿದ್ರೂ, ನಾ ಹಂಗ ಕೇಳಬಾರದಿತ್ತು. ತಪ್ಪು ಕಣ್ಣಿಂದಲ್ಲ, ನಂದು."

ನಸೀಮಾ ತಲೆ ಎತ್ತಲಿಲ್ಲ. ತನ್ನ ಹಲಗೆಯ ಮುಂದೆ ಕೂತು ಬಣ್ಣ ಕಲಸುತ್ತಲೇ ಇದ್ದಳು. ಕೊಟ್ಟೂರಿನ ಆ ಮೇಷ್ಟ್ರು ಮಾತ್ರ ನೆಲ ನೋಡುತ್ತಿದ್ದ. ಆ ದಿನವಿಡೀ ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಒಬ್ಬೊಬ್ಬರ ಹತ್ತಿರ ಹೋಗಿ ನೋಡಿದರು. ಯಾರ ಚಿತ್ರಕ್ಕೂ ಕುಂಚ ಮುಟ್ಟಿಸಲಿಲ್ಲ.

ಸಂಜೆ ಎಲ್ಲರೂ ಗಂಟುಮೂಟೆ ಕಟ್ಟುವಾಗ ನಸೀಮಾ ತನ್ನ ಬ್ಯಾಗನ್ನು ತಂದು ಮೇಷ್ಟ್ರ ಮುಂದಿನ ಮೇಜಿನ ಮೇಲಿಟ್ಟು ಜಿಪ್ಪು ಎಳೆದು ತೆರೆದಳು. "ನೋಡಿಬಿಡ್ರಿ ಸಾರ್" ಎಂದಳು.

ನಾನೇ ಮುಂದೆ ಹೋಗಿ, "ಏನವಾ ಇದು? ಅಷ್ಟು ಮಂದಿ ಮುಂದ ಹೇಳ್ಯಾರಲ್ಲ" ಎಂದೆ.

"ನೀವು ಸುಮ್ನಿರ್ರಿ ಸಾರ್. ನಾಳಿ ಯಾವುದರ ಒಂದು ಕಮ್ಮಿ ಬಂತಂದ್ರ?"

ಮೇಷ್ಟ್ರು ನನ್ನನ್ನು ಕೈಯಿಂದ ತಡೆದರು. ಬ್ಯಾಗಿನ ಮೇಲೆ ಬಗ್ಗಿದರು. ಒಳಗಿನ ಪ್ರತಿ ಟ್ಯೂಬಿಗೂ ಬಿಳಿ ಪಟ್ಟಿ ಅಂಟಿಸಿ, ಮೇಲೆ ತನ್ನ ಹೆಸರು ಬರೆದಿದ್ದಳು. ಒಂದೊಂದನ್ನೂ ಎತ್ತಿ, ಓದಿ, ಇಟ್ಟರು. ಬೇಗ ಮುಗಿಸಿಬಿಡಬಹುದಿತ್ತು, ಮುಗಿಸಲಿಲ್ಲ. ಅವಳೂ ಅಲುಗಾಡದೆ ನಿಂತಿದ್ದಳು. ನೀಲಿಯ ಟ್ಯೂಬು ಮಾತ್ರ ತುದಿಯವರೆಗೆ ಸುರುಳಿ ಸುತ್ತಿ ಬರಿದಾಗಿತ್ತು. ಅವತ್ತು ಅವಳು ಬರೆದದ್ದೆಲ್ಲ ನೀರೇ. ಮೇಷ್ಟ್ರು ತಮ್ಮ ಪೆಟ್ಟಿಗೆಯಿಂದ ತುಂಬಿದ ನೀಲಿ ಟ್ಯೂಬೊಂದನ್ನು ತೆಗೆದು ಅವಳ ಬ್ಯಾಗಿನಲ್ಲಿ ಇಟ್ಟರು.

ನಸೀಮಾ ಅದನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. ಆಯಿತು, ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವಳು ಬಿಳಿ ಪಟ್ಟಿಯ ಸುರುಳಿಯಿಂದ ಒಂದು ತುಂಡು ಹರಿದು, ಪೆನ್ನಿನ ಜೊತೆ ಅವರ ಮುಂದೆ ಹಿಡಿದಳು.

"ನೀವ ಕೊಟ್ರಿ ಅಂತ ಬರದ್ ಕೊಡ್ರಿ. ಒಯ್ತೀನಿ."

ಅವರು ಪೆನ್ನು ತೆಗೆದುಕೊಂಡರು. ಎಡಗಣ್ಣು ಮುಚ್ಚಿ, ಪಟ್ಟಿಗೆ ಮೂಗು ತಗಲುವಷ್ಟು ಬಗ್ಗಿ, ಶಾಲೆಯ ಬೋರ್ಡಿನ ಮೇಲೆ ಬರೆಯುತ್ತಿದ್ದ ದುಂಡನೆಯ ಅಕ್ಷರದಲ್ಲಿ 'ನಸೀಮಾಗೆ ಕೊಟ್ಟದ್ದು' ಎಂದು ಬರೆದರು. ಅವಳು ಅದನ್ನು ಓದಿದಳು. ಟ್ಯೂಬಿಗೆ ಸುತ್ತಿ, ಹೆಬ್ಬೆರಳಿನಿಂದ ಒತ್ತಿ ಅಂಟಿಸಿ, ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು. ಹೊರಟವಳು ಎರಡು ಹೆಜ್ಜೆ ಹೋಗಿ ನಿಂತು, ಅವರ ಮುಖವನ್ನು ನೇರವಾಗಿ ನೋಡಿದಳು. ಅಷ್ಟು ದಿನಗಳಲ್ಲಿ ಅದೇ ಮೊದಲ ಸಲ.

"ಇನ್ನೊಂದು ಕಣ್ಣೂ ಲಗೂನ ಮಾಡಿಸ್ಕೊಳ್ರಿ ಸಾರ್" ಎಂದಳು.